ಖಾಲಿ ಹುದ್ದೆಯ ದುಡ್ಡು ಯಾರ ಪಾಲು? ಸರ್ಕಾರಿ ಶಾಲೆಯ ಅನುದಾನದ ಲೆಕ್ಕ ಬಿಡಿಸಿ ನೋಡಿದರೆ

2025-26ರ ರಾಜ್ಯ ಬಜೆಟ್ಟಿನ ಗಾತ್ರ ₹4,09,549 ಕೋಟಿ. ಅದರಲ್ಲಿ ಶಿಕ್ಷಣಕ್ಕೆ ₹45,286 ಕೋಟಿ, ಹೆಚ್ಚುಕಡಿಮೆ ಶೇ 11. ಇದು ಸಾಲದು, ಹೆಚ್ಚಾಗಲೇಬೇಕು. ಆದರೆ ಪ್ರತಿ ಮಾರ್ಚ್‌ನಲ್ಲೂ ಚರ್ಚೆ ಈ ಒಟ್ಟು ಮೊತ್ತದಲ್ಲೇ ಮುಗಿದುಹೋಗುತ್ತದೆ. ಇರುವ ಹಣ ಯಾವ ಊರಿನ ಶಾಲೆಗೆ ಎಷ್ಟು ತಲುಪಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅನ್ಯಾಯದ ದೊಡ್ಡ ಪಾಲು ಇರುವುದು ಅಲ್ಲೇ.

ಶಾಲೆಗೆ ಸರ್ಕಾರದ ದುಡ್ಡು ಮುಖ್ಯವಾಗಿ ಮೂರು ದಾರಿಯಲ್ಲಿ ಬರುತ್ತದೆ. ಶಿಕ್ಷಕರ ಸಂಬಳ ಒಂದು. ಶಾಲಾ ಅನುದಾನ, ಬಿಸಿಯೂಟ, ಸಮವಸ್ತ್ರದಂಥ ಯೋಜನೆಗಳು ಇನ್ನೊಂದು. ಕಟ್ಟಡ ಮತ್ತು ದುರಸ್ತಿ ಮೂರನೆಯದು. ಇವುಗಳಲ್ಲಿ ಸಂಬಳದ್ದೇ ಸಿಂಹಪಾಲು. ಹಾಗಾಗಿ ನ್ಯಾಯದ ಮಾತನ್ನು ಸಂಬಳದಿಂದಲೇ ಶುರುಮಾಡಬೇಕು. ಚಾಕ್‌ಪೀಸು, ಬೆಂಚುಗಳ ಮಾತು ಆಮೇಲೆ.

ಒಂದು ಹುದ್ದೆ ಖಾಲಿ ಬಿಟ್ಟರೆ

ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಶ್ರೇಣಿಯಲ್ಲಿ ಹೊಸದಾಗಿ ಸೇರುವ ಪ್ರಾಥಮಿಕ ಶಾಲಾ ಶಿಕ್ಷಕರ ಮೂಲ ವೇತನ ₹41,300. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲ ಬಿಟ್ಟು ಮೂಲ ವೇತನವಷ್ಟನ್ನೇ ಹಿಡಿದರೂ ವರ್ಷಕ್ಕೆ ₹4,95,600. ಆ ಹುದ್ದೆ ಖಾಲಿ ಇದ್ದಾಗ ಸರ್ಕಾರ ಅತಿಥಿ ಶಿಕ್ಷಕರನ್ನು ಕೊಡುತ್ತದೆ. ಅವರಿಗೆ ಗೌರವಧನ ತಿಂಗಳಿಗೆ ₹12,000, ಅದೂ ಹತ್ತು ತಿಂಗಳಿಗೆ. ಒಟ್ಟು ₹1,20,000. ವ್ಯತ್ಯಾಸ ₹3,75,600.

ನೂರು ಮಕ್ಕಳಿರುವ ಶಾಲೆಗೆ ಇಡೀ ವರ್ಷಕ್ಕೆ ಬರುವ ಶಾಲಾ ಅನುದಾನ ₹25,000. ಅಂದರೆ ಒಂದು ಹುದ್ದೆ ಖಾಲಿ ಇರುವ ಶಾಲೆ ಒಂದೇ ವರ್ಷದಲ್ಲಿ ಹದಿನೈದು ವರ್ಷದ ಅನುದಾನದಷ್ಟು ಹಣ ಕಳೆದುಕೊಳ್ಳುತ್ತದೆ. ಈ ಕಡಿತ ಯಾವ ಬಜೆಟ್ ಭಾಷಣದಲ್ಲೂ ಬರುವುದಿಲ್ಲ, ಯಾವ ಆದೇಶದಲ್ಲೂ ಇರುವುದಿಲ್ಲ. 2025-26ರಲ್ಲಿ ಸರ್ಕಾರ 51 ಸಾವಿರ ಅತಿಥಿ ಶಿಕ್ಷಕರಿಗೆ ಅನುಮತಿ ಕೊಟ್ಟಿತು. ಅದರಲ್ಲಿ 40 ಸಾವಿರ ಪ್ರಾಥಮಿಕ ಶಾಲೆಗಳಿಗೆ. ಅವರೆಲ್ಲ ಖಾಲಿ ಹುದ್ದೆಗೇ ಬಂದವರೆಂದು ಹಿಡಿದರೆ, ಪ್ರಾಥಮಿಕದಲ್ಲಿ ಮಾತ್ರ ವರ್ಷಕ್ಕೆ ₹1,500 ಕೋಟಿಯಷ್ಟು ಹಣ ಮಕ್ಕಳಿಗೆ ಸಿಗದೇ ಹೋಗಿದೆ. ಮೂಲ ವೇತನದ ಲೆಕ್ಕದಲ್ಲೇ ಇಷ್ಟು.

ಈ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಪೇಟೆಗೆ ಹತ್ತಿರದ, ಬಸ್ಸು ಸಿಗುವ, ಬಾಡಿಗೆಗೆ ಮನೆ ಸಿಗುವ ಊರುಗಳ ಹುದ್ದೆ ಬೇಗ ತುಂಬುತ್ತದೆ. ಯಾದಗಿರಿಯ ಸುರಪುರ, ರಾಯಚೂರಿನ ದೇವದುರ್ಗದಂಥ ತಾಲ್ಲೂಕುಗಳ ಒಳಹಳ್ಳಿಯ ಹುದ್ದೆ ಖಾಲಿ ಉಳಿಯುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ಯಾದಗಿರಿಯದ್ದು ಶೇ 52ರ ಆಸುಪಾಸು, ದಕ್ಷಿಣ ಕನ್ನಡದ್ದು ಶೇ 88ಕ್ಕೂ ಹೆಚ್ಚು. ಯಾವ ಜಿಲ್ಲೆಯ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಕಡಿಮೆಯೋ ಅದೇ ಜಿಲ್ಲೆಯ ಶಾಲೆಯಲ್ಲಿ ಶಿಕ್ಷಕರೂ ಕಡಿಮೆ. ಹುದ್ದೆಗಿಂತ ಹೆಚ್ಚು ಹಿರಿಯ ಶಿಕ್ಷಕರಿರುವ ಶಾಲೆಗೆ ಸಂಬಳದ ರೂಪದಲ್ಲಿ ಹೆಚ್ಚು ಹಣ, ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಗೆ ಕಡಿಮೆ ಹಣ.

ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರ 26ನೇ ಸೆಕ್ಷನ್ ಪ್ರಕಾರ ಸರ್ಕಾರಿ ಶಾಲೆಯೊಂದರಲ್ಲಿ ಖಾಲಿ ಹುದ್ದೆ ಮಂಜೂರಾದ ಹುದ್ದೆಗಳ ಶೇ 10ನ್ನು ಮೀರುವಂತಿಲ್ಲ. ಐದು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿಯಾದರೂ ಶೇ 20 ಆಯಿತು. ಹತ್ತಕ್ಕಿಂತ ಕಡಿಮೆ ಹುದ್ದೆಯ ಯಾವ ಶಾಲೆಯಲ್ಲೂ ಒಂದೇ ಒಂದು ಹುದ್ದೆ ಖಾಲಿ ಇರುವಂತಿಲ್ಲ ಎಂದೇ ಇದರ ಅರ್ಥ. ನಮ್ಮ ಹಳ್ಳಿಗಳ ಪ್ರಾಥಮಿಕ ಶಾಲೆಗಳೆಲ್ಲ ಬಹುತೇಕ ಇದೇ ಗಾತ್ರದವು. ಆದರೆ ಶಿಕ್ಷಕರ ವರ್ಗಾವಣೆ ಕಾಯ್ದೆಯು ತಾಲ್ಲೂಕಿನಿಂದ ಹೊರಹೋಗುವ ವರ್ಗಾವಣೆಗೆ ಕಡಿವಾಣ ಹಾಕುವುದು ಇಡೀ ತಾಲ್ಲೂಕಿನಲ್ಲಿ ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿಯಾದ ಮೇಲೆ. ಶಾಲೆಗೆ ಶೇ 10, ತಾಲ್ಲೂಕಿಗೆ ಶೇ 25. ಈ ಎರಡರ ನಡುವಿನ ಅಂತರದಲ್ಲಿ ಸಾವಿರಾರು ಶಾಲೆಗಳು ಸಿಕ್ಕಿಬಿದ್ದಿವೆ.

ಹಾಗಾದರೆ ಕೇಳಬೇಕಾದ್ದೇನು? ‘ಹುದ್ದೆ ತುಂಬಿ’ ಎಂದು ಕೇಳುವುದು ಸರಿಯೇ. ಆದರೆ ನೇಮಕಾತಿಗೆ ಅಧಿಸೂಚನೆ, ಪರೀಕ್ಷೆ, ಕೋರ್ಟು ತಕರಾರು, ಕೌನ್ಸೆಲಿಂಗ್ ಎಂದು ವರ್ಷಗಳೇ ಉರುಳುತ್ತವೆ. ಅಷ್ಟರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಐದಕ್ಕೆ ಬಂದಿರುತ್ತದೆ. ಆದ್ದರಿಂದ ಜೊತೆಗೇ ಇನ್ನೊಂದು ಬೇಡಿಕೆ ಇಡಬೇಕು: ಹುದ್ದೆ ತುಂಬುವವರೆಗೆ ಆ ಹುದ್ದೆಯ ಕನಿಷ್ಠ ಮೂಲ ವೇತನದಷ್ಟು ಹಣ ಆ ಶಾಲೆಯ ಹೆಸರಿನಲ್ಲೇ ಇರಬೇಕು. ಆ ಹಣದಿಂದ ಅತಿಥಿ ಶಿಕ್ಷಕರಿಗೆ ಬದುಕಲು ಸಾಕಾಗುವಷ್ಟು ಗೌರವಧನ ಕೊಡಬಹುದು, ಜೂನ್ ಒಂದರಿಂದಲೇ ನೇಮಿಸಿಕೊಳ್ಳಬಹುದು, ಉಳಿದದ್ದನ್ನು ಓದುವ ಪುಸ್ತಕ, ಕಲಿಕಾ ಸಾಮಗ್ರಿಗೆ ಬಳಸಬಹುದು.

ಇದಕ್ಕೆ ಹಣಕಾಸು ಇಲಾಖೆಯ ಉತ್ತರ ಏನೆಂಬುದು ಮೊದಲೇ ಗೊತ್ತಿರಲಿ. ‘ಖಾಲಿ ಹುದ್ದೆಯ ಉಳಿತಾಯ ಎಂದು ಹಣ ಎಲ್ಲೂ ತೆಗೆದಿಟ್ಟಿರುವುದಿಲ್ಲ, ಸಂಬಳದ ಅಂದಾಜು ಮಾಡುವುದೇ ಈಗ ಕೆಲಸದಲ್ಲಿ ಇರುವವರ ಲೆಕ್ಕದ ಮೇಲೆ’ ಎನ್ನುತ್ತಾರೆ. ಅದು ನಿಜ. ಸಂಬಳ ಎಚ್‌ಆರ್‌ಎಂಎಸ್ ಎಂಬ ಸರ್ಕಾರಿ ನೌಕರರ ವೇತನ ತಂತ್ರಾಂಶದ ಮೂಲಕ ವ್ಯಕ್ತಿಯ ಹೆಸರಿನಲ್ಲಿ ಹೊರಡುತ್ತದೆ. ವ್ಯಕ್ತಿ ಇಲ್ಲದಿದ್ದರೆ ಬಿಲ್ಲೇ ಇಲ್ಲ. ಆದ್ದರಿಂದ ಬೇಡಿಕೆಯ ಒಕ್ಕಣೆ ಹೀಗಿರಬೇಕು (ಬೇಡಿಕೆ ಸಂಖ್ಯೆ 17 ಎಂದರೆ ಬಜೆಟ್ಟಿನಲ್ಲಿ ಶಿಕ್ಷಣದ ಭಾಗ, 2202 ಅದರ ಖರ್ಚಿನ ಲೆಕ್ಕದ ಸಂಖ್ಯೆ): ‘ಬೇಡಿಕೆ ಸಂಖ್ಯೆ 17, ಲೆಕ್ಕಶೀರ್ಷಿಕೆ 2202ರ ಅಡಿ ಪ್ರಾಥಮಿಕ ಶಿಕ್ಷಣದ ವೇತನದ ಅಂದಾಜನ್ನು ಭರ್ತಿಯಾದ ಹುದ್ದೆಗಳ ಬದಲು ಮಂಜೂರಾದ ಹುದ್ದೆಗಳ ಮೇಲೆ ಮಾಡಬೇಕು, ಭರ್ತಿಯಾಗದ ಹುದ್ದೆಗಳ ಮೊತ್ತವನ್ನು ಪ್ರತ್ಯೇಕ ಉಪಶೀರ್ಷಿಕೆಯಲ್ಲಿ ಇಟ್ಟು ತಾಲ್ಲೂಕುವಾರು ಬಿಡುಗಡೆ ಮಾಡಬೇಕು.’ ಇಷ್ಟು ನಿಖರವಾಗಿ ಬರೆದುಕೊಟ್ಟರೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಕೊಟ್ಟು ಕಡತ ಮುಚ್ಚುವುದು ಕಷ್ಟ.

ಸ್ಲ್ಯಾಬ್ ಎಂಬ ಮೆಟ್ಟಿಲು

ಇನ್ನು ಶಾಲಾ ಅನುದಾನ. ಇದು ಸಮಗ್ರ ಶಿಕ್ಷಣ ಯೋಜನೆಯಡಿ ಕೇಂದ್ರದ ಶೇ 60, ರಾಜ್ಯದ ಶೇ 40ರ ಪಾಲಿನಲ್ಲಿ ಬರುವ ಹಣ. 2021-26ರ ಹಂತದ ಮಾರ್ಗಸೂಚಿಯಲ್ಲಿ ಮಕ್ಕಳ ಸಂಖ್ಯೆಯ ಮೇಲೆ ಐದು ಸ್ಲ್ಯಾಬ್‌ಗಳಿವೆ: 30 ಮಕ್ಕಳವರೆಗೆ ₹10,000; 31ರಿಂದ 100ಕ್ಕೆ ₹25,000; 101ರಿಂದ 250ಕ್ಕೆ ₹50,000; 251ರಿಂದ 1,000ಕ್ಕೆ ₹75,000; ಅದರ ಮೇಲೆ ₹1,00,000. ಕನಿಷ್ಠ ಶೇ 10ನ್ನು ಸ್ವಚ್ಛತೆಗೆ ಬಳಸಬೇಕು.

ಇದನ್ನು ಮಗುವಿನ ಲೆಕ್ಕಕ್ಕೆ ತಂದು ನೋಡಿ. 31 ಮಕ್ಕಳ ಶಾಲೆಯಲ್ಲಿ ಮಗುವಿಗೆ ₹806. ಅದೇ ಸ್ಲ್ಯಾಬಿನ 100 ಮಕ್ಕಳ ಶಾಲೆಯಲ್ಲಿ ₹250. 250 ಮಕ್ಕಳಿದ್ದರೆ ₹200. 900 ಮಕ್ಕಳಿರುವ ಶಾಲೆಯಲ್ಲಿ ₹83. ಒಂದು ಮಗು ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಿ ದಾಖಲಾತಿ 31ರಿಂದ 30ಕ್ಕೆ ಇಳಿದರೆ ಶಾಲೆ ಒಮ್ಮೆಲೇ ₹15,000 ಕಳೆದುಕೊಳ್ಳುತ್ತದೆ. ಸೋರುವ ಮಾಡು, ಟ್ಯಾಂಕು, ಶೌಚಾಲಯ ಮಾತ್ರ ಮೊದಲು ಇದ್ದಷ್ಟೇ ಇರುತ್ತವೆ.

ಹೀಗಾಗಿ ಏಟು ಎರಡು ಕಡೆ ಬೀಳುತ್ತದೆ. ಮಲೆನಾಡಿನ ಚಿಕ್ಕ ಶಾಲೆಗಳು ₹10,000ದ ಮೆಟ್ಟಿಲಿನಲ್ಲಿ ನಿಲ್ಲುತ್ತವೆ. ಊರಿನ ಬಹುಪಾಲು ಮಕ್ಕಳು ಸರ್ಕಾರಿ ಶಾಲೆಗೇ ಬರುವ ಕಲ್ಯಾಣ ಕರ್ನಾಟಕದ ದೊಡ್ಡ ಶಾಲೆಗಳು ಮಗುವಿಗೆ ನೂರು ರೂಪಾಯಿಯೂ ಇಲ್ಲದೆ ಒದ್ದಾಡುತ್ತವೆ. ಸ್ಲ್ಯಾಬ್ ಮಾಡಿದವರಿಗೆ ದುರುದ್ದೇಶ ಇತ್ತೆಂದು ಹೇಳುತ್ತಿಲ್ಲ. ಮೇಲಿನಿಂದ ಹಂಚುವವರಿಗೆ ಐದು ಸಂಖ್ಯೆಗಳ ಪಟ್ಟಿ ಸುಲಭ. ಆದರೆ ಎಲ್ಲ ಶಾಲೆಯ ದಾಖಲಾತಿಯೂ ಮಗುವಿನ ಹೆಸರು ಸಹಿತ ಸ್ಯಾಟ್ಸ್ ಎಂಬ ಇಲಾಖೆಯ ತಂತ್ರಾಂಶದಲ್ಲಿ ಇರುವ ಈ ಕಾಲದಲ್ಲಿ ಅಂಥ ಪಟ್ಟಿಯ ಅಗತ್ಯವೇ ಇಲ್ಲ.

₹10,000 ಎಷ್ಟಕ್ಕೆ ಸಾಲುತ್ತದೆ ನೋಡೋಣ. ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಡಿ ದರ್ಜೆ ನೌಕರರು ಇರುವುದಿಲ್ಲ. ಮಕ್ಕಳಿಂದ ಶೌಚಾಲಯ ತೊಳೆಯಿಸಬಾರದೆಂಬ ಸುತ್ತೋಲೆ ಇದೆ, ಅದು ಸರಿಯಾದದ್ದೇ. ಹಾಗಿದ್ದರೆ ತೊಳೆಯುವವರು ಯಾರು? ಊರಿನವರೊಬ್ಬರಿಗೆ ದಿನಕ್ಕೆ ಅರ್ಧ ಗಂಟೆಯ ಕೆಲಸಕ್ಕೆ ತಿಂಗಳಿಗೆ ₹1,500 ಕೊಟ್ಟರೂ ಹತ್ತು ತಿಂಗಳಿಗೆ ₹15,000. ಅನುದಾನ ಅಲ್ಲೇ ಮುಗಿಯಿತು, ₹5,000 ಸಾಲವೂ ಆಯಿತು. ಫಿನಾಯಿಲ್, ಬಕೆಟ್, ಪೊರಕೆ, ಮುರಿದ ನಲ್ಲಿ, ಹಾಜರಿ ಪುಸ್ತಕ, ಪ್ರಶ್ನೆಪತ್ರಿಕೆಯ ಜೆರಾಕ್ಸು ಇನ್ನೂ ಬಾಕಿ. ಈ ಬಾಕಿಯನ್ನು ತುಂಬುತ್ತಿರುವುದು ಮುಖ್ಯ ಶಿಕ್ಷಕರ ಜೇಬು.

ಇದಕ್ಕೆ ಬದಲಾಗಿ ಒಂದು ಸೂತ್ರ ಇಡಬಹುದು: ಪ್ರತಿ ಶಾಲೆಗೆ ಮೂಲ ಮೊತ್ತ ₹20,000, ಅದರ ಮೇಲೆ ಪ್ರತಿ ಮಗುವಿಗೆ ₹300. 30 ಮಕ್ಕಳ ಶಾಲೆಗೆ ₹29,000 ಆಗುತ್ತದೆ, 100 ಮಕ್ಕಳಿಗೆ ₹50,000, 250 ಮಕ್ಕಳಿಗೆ ₹95,000, 900 ಮಕ್ಕಳಿಗೆ ₹2,90,000. ಈಗ ಸಿಗುವುದಕ್ಕಿಂತ ಯಾವ ಶಾಲೆಗೂ ಕಡಿಮೆಯಾಗುವುದಿಲ್ಲ. ಮೆಟ್ಟಿಲಿನ ಅಂಚಿನಲ್ಲಿರುವ 31, 101, 251 ಸಂಖ್ಯೆಗಳನ್ನು ಹಾಕಿ ನೋಡಿ, ಸೂತ್ರ ಎಲ್ಲೂ ಸೋಲುವುದಿಲ್ಲ. ಖರ್ಚು ಎಷ್ಟು? ಹೆಚ್ಚಿಗೇ ಹಿಡಿದು 50 ಸಾವಿರ ಶಾಲೆ, 45 ಲಕ್ಷ ಮಕ್ಕಳು ಎಂದುಕೊಂಡರೂ ₹100 ಕೋಟಿ ಮತ್ತು ₹135 ಕೋಟಿ ಸೇರಿ ₹235 ಕೋಟಿ. ಶಿಕ್ಷಣದ ಒಟ್ಟು ಬಜೆಟ್ಟಿನ ಶೇ 0.5ರಷ್ಟು. ಕೇಂದ್ರದ ಸ್ಲ್ಯಾಬ್ ಬದಲಾಗಲೇಬೇಕೆಂದು ಕಾಯುವ ಅಗತ್ಯವಿಲ್ಲ. ಸ್ಲ್ಯಾಬಿನ ಮೇಲಿನ ವ್ಯತ್ಯಾಸವನ್ನು ರಾಜ್ಯವೇ ತುಂಬಿಕೊಡಬಹುದು.

ಇದರ ಮೇಲೆ ಹಿಂದುಳಿದ ತಾಲ್ಲೂಕಿಗೆ ಹೆಚ್ಚಿನ ತೂಕ ಬೇಕು. ಅದಕ್ಕೆ ಹೊಸ ಸಮಿತಿಯ ವರದಿಗೆ ಕಾಯಬೇಕಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದ, 40ನ್ನು ಅತಿ ಹಿಂದುಳಿದ, 35ನ್ನು ಹಿಂದುಳಿದ ಎಂದು ವಿಂಗಡಿಸಿಕೊಟ್ಟಿದೆ. ಆ 39ರಲ್ಲಿ 21 ತಾಲ್ಲೂಕು ಕಲಬುರಗಿ ವಿಭಾಗದವು. ಅತ್ಯಂತ ಹಿಂದುಳಿದ ತಾಲ್ಲೂಕಿನ ಮಗುವಿಗೆ ₹300ರ ಬದಲು ₹450 ಎಂದು ನಿಗದಿ ಮಾಡಲು ಒಂದು ಸರ್ಕಾರಿ ಆದೇಶ ಸಾಕು. ಸಂವಿಧಾನದ 371-ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಹಣ ಇದೆಯಲ್ಲ ಎಂದು ಕೆಲವರು ಹೇಳಬಹುದು. ಮಂಡಳಿಯ ಹಣ ಇರುವುದು ಹೆಚ್ಚುವರಿ ಕೆಲಸಕ್ಕೆ. ಇಲಾಖೆ ಕೊಡಬೇಕಾದ್ದನ್ನು ಕೊಡದೆ ಮಂಡಳಿಯ ಹಣದಿಂದ ತೇಪೆ ಹಾಕಿದರೆ ಹೆಚ್ಚುವರಿ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಬೆಲೆ ಏರಿಕೆಯ ಮಾತೂ ಇದೆ. ಬಿಸಿಯೂಟದ ತಯಾರಿಕಾ ವೆಚ್ಚವನ್ನು ಕಾರ್ಮಿಕ ಬ್ಯೂರೋದ ಗ್ರಾಮೀಣ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಿಸುತ್ತಾರೆ. 2024ರ ಡಿಸೆಂಬರ್‌ನಲ್ಲಿ ಒಂದು ಮಗುವಿಗೆ ದಿನಕ್ಕೆ ಕಿರಿಯ ಪ್ರಾಥಮಿಕಕ್ಕೆ ₹6.19, ಹಿರಿಯ ಪ್ರಾಥಮಿಕಕ್ಕೆ ₹9.29 ಇದ್ದದ್ದು 2025ರ ಮೇ ತಿಂಗಳಲ್ಲಿ ₹6.78 ಮತ್ತು ₹10.17 ಆಯಿತು. ಇದು ಸಾಲದು ಎಂಬುದು ಬೇರೆ ಮಾತು, ಆದರೆ ಪರಿಷ್ಕರಣೆಗೆ ಒಂದು ಕ್ರಮವಾದರೂ ಇದೆ. ಶಾಲಾ ಅನುದಾನಕ್ಕೆ ಅದೂ ಇಲ್ಲ. ₹25,000, ₹50,000, ₹75,000 ಎಂಬ ಸಂಖ್ಯೆಗಳು 2018ರಲ್ಲಿ ಸಮಗ್ರ ಶಿಕ್ಷಣ ಶುರುವಾದಾಗಿನಿಂದ ಹಾಗೇ ನಿಂತಿವೆ. ಅನುದಾನಕ್ಕೂ ಅದೇ ಸೂಚ್ಯಂಕ ಅನ್ವಯಿಸಿ ಎಂದು ಕೇಳುವುದು ತೀರಾ ನ್ಯಾಯವಾದ ಬೇಡಿಕೆ.

ಬಂದ ಹಣವೂ ಯಾಕೆ ದಕ್ಕುವುದಿಲ್ಲ

ಅನುದಾನ ಜೂನ್‌ನಲ್ಲಿ ಬರಬೇಕು. ಶಾಲೆ ಶುರುವಾಗುವುದು ಆಗ, ಮಳೆ ಶುರುವಾಗುವುದೂ ಆಗ. ಬಹಳ ಸಲ ಅದು ಬರುವುದು ವರ್ಷದ ಕೊನೆಯ ಭಾಗದಲ್ಲಿ. ಕೇಂದ್ರದ ಯೋಜನಾ ಅನುಮೋದನಾ ಮಂಡಳಿ ಒಪ್ಪಬೇಕು, ಕಂತು ಬಿಡುಗಡೆಯಾಗಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಆಮೇಲೆ ಶಾಲೆಯ ಶೂನ್ಯ ಶಿಲ್ಕಿನ ಖಾತೆಗೆ ಖರ್ಚಿನ ಮಿತಿ ಬರುತ್ತದೆ. ಮೊದಲಿನಂತೆ ಹಣ ಬ್ಯಾಂಕಿನಲ್ಲಿ ಉಳಿಯುವುದಿಲ್ಲ; ಮಾರ್ಚ್ 31ರೊಳಗೆ ಬಳಸದಿದ್ದರೆ ಮಿತಿ ವಾಪಸು.

ಇಲ್ಲಿ ತಪ್ಪುವುದು ಸಣ್ಣ ಸಣ್ಣ ವಿಷಯಗಳಲ್ಲಿ. ಪಾವತಿ ಆನ್‌ಲೈನ್‌ನಲ್ಲೇ ಆಗಬೇಕು, ಹಣ ಪಡೆಯುವವರ ಬ್ಯಾಂಕ್ ಖಾತೆ ಮೊದಲೇ ನೋಂದಣಿಯಾಗಿರಬೇಕು, ಬಿಲ್ಲು ಇರಬೇಕು. ಊರಿನ ಪ್ಲಂಬರ್ ಹತ್ತಿರ ಜಿಎಸ್‌ಟಿ ಬಿಲ್ಲು ಇರುವುದಿಲ್ಲ. ಹಾಗಾಗಿ ನಲ್ಲಿ ರಿಪೇರಿಗೆ ಮುಖ್ಯ ಶಿಕ್ಷಕರು ಕೈಯಿಂದ ಕೊಡುತ್ತಾರೆ, ಅನುದಾನದ ಹಣದಲ್ಲಿ ತಾಲ್ಲೂಕು ಕೇಂದ್ರದ ಅಂಗಡಿಯಿಂದ ಬಿಲ್ಲು ಸಿಗುವ ಸಾಮಾನು ಬರುತ್ತದೆ, ಅದು ಬೇಕಿರಲಿ ಬಿಡಲಿ. ಇನ್ನೊಂದು ತೊಡಕು ಸಹಿಯದ್ದು. ಎಸ್‌ಡಿಎಂಸಿ (ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಮಗು ಏಳನೇ ತರಗತಿ ಮುಗಿಸಿ ಹೋದರೆ ಅವರ ಸದಸ್ಯತ್ವ ಮುಗಿಯುತ್ತದೆ. ಹೊಸಬರ ಆಯ್ಕೆ, ನಡಾವಳಿ, ಬ್ಯಾಂಕಿನ ಕೆವೈಸಿ ಮುಗಿಯುವವರೆಗೆ ಖಾತೆ ನಡೆಯುವುದಿಲ್ಲ. ಏಪ್ರಿಲ್‌ನಲ್ಲೇ ‘ಅಧ್ಯಕ್ಷರ ಮಗು ಯಾವ ತರಗತಿ’ ಎಂದು ನೋಡಿಕೊಂಡು ಜೂನ್ ಮೊದಲ ವಾರ ಸಭೆ ಕರೆದರೆ ಈ ತೊಡಕು ತಪ್ಪುತ್ತದೆ. ಜೊತೆಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಸ್ವಚ್ಛತೆಯವರು ಇಷ್ಟು ಜನರ ಖಾತೆ ಸಂಖ್ಯೆಯನ್ನು ಆಗಲೇ ನೋಂದಾಯಿಸಿ ಇಟ್ಟುಕೊಳ್ಳಬೇಕು.

ಅನುದಾನ ಮೂರು ಬಗೆಯದು ಎಂಬುದೂ ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಶಾಲಾ ಅನುದಾನವಲ್ಲದೆ ಕ್ರೀಡೆಗೆ ಕಿರಿಯ ಪ್ರಾಥಮಿಕಕ್ಕೆ ₹5,000, ಹಿರಿಯ ಪ್ರಾಥಮಿಕಕ್ಕೆ ₹10,000, ಪ್ರೌಢಶಾಲೆಗೆ ₹25,000 ತನಕ ಅವಕಾಶವಿದೆ. ಗ್ರಂಥಾಲಯಕ್ಕೆ ಬೇರೆ. ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಸೆಪ್ಟೆಂಬರ್ 30ರ ಒಂದು ಫಾರಂ

ಕಟ್ಟಡ, ಶೌಚಾಲಯ, ಕೊಠಡಿಗೆ ಹಣ ಬರುವುದು ಯು-ಡೈಸ್ ಮಾಹಿತಿಯ ಮೇಲೆ, ಅಂದರೆ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತನ್ನ ಸ್ಥಿತಿಗತಿ ತುಂಬಿಕೊಡುವ ಫಾರಂ ಮೇಲೆ. ವಾರ್ಷಿಕ ಯೋಜನೆ ಮಾಡುವವರು ನಿಮ್ಮ ಶಾಲೆಯನ್ನು ಕಣ್ಣಾರೆ ನೋಡುವುದಿಲ್ಲ, ಆ ಫಾರಂನಲ್ಲಿ ಏನು ತುಂಬಿದೆಯೋ ಅದನ್ನು ನೋಡುತ್ತಾರೆ. ಮಾಹಿತಿಯ ಲೆಕ್ಕದ ದಿನಾಂಕ ಸೆಪ್ಟೆಂಬರ್ 30.

ಅದರಲ್ಲಿ ಮೂರು ಕಡೆ ಕಣ್ಣಿಟ್ಟು ನೋಡಬೇಕು. ಮೊದಲನೆಯದು ಕೊಠಡಿಗಳ ಸ್ಥಿತಿ: ಉತ್ತಮ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ಎಷ್ಟೆಷ್ಟು ಎಂದು ತುಂಬಬೇಕು. ಮೇಲ್ಛಾವಣಿಯ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತಿದ್ದರೂ ಅಲ್ಲಿ ಪಾಠ ನಡೆಯುತ್ತಿದೆ ಎಂಬ ಕಾರಣಕ್ಕೆ ‘ಉತ್ತಮ’ ಎಂದು ತುಂಬಿರುವುದುಂಟು. ಎರಡನೆಯದು ಶೌಚಾಲಯ: ಒಟ್ಟು ಎಷ್ಟು, ಬಳಸಲು ಯೋಗ್ಯವಾದವು ಎಷ್ಟು ಎಂದು ಬೇರೆ ಬೇರೆ ಅಂಕಣಗಳಿವೆ. ಗೋಡೆ ಇದೆ, ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂದರೆ ಎರಡನೇ ಅಂಕಣದಲ್ಲಿ ಸೊನ್ನೆ ಬರಬೇಕು. ಎರಡರಲ್ಲೂ ಒಂದೇ ಸಂಖ್ಯೆ ಬಿದ್ದರೆ ಆ ಶಾಲೆಗೆ ಕೊರತೆ ಇಲ್ಲ ಎಂದೇ ಲೆಕ್ಕ. ಮೂರನೆಯದು ಕುಡಿಯುವ ನೀರು ಮತ್ತು ಕೈತೊಳೆಯುವ ವ್ಯವಸ್ಥೆ.

ಹೀಗೆ ತಪ್ಪು ತುಂಬುವುದಕ್ಕೆ ಕಾರಣ ಸೋಮಾರಿತನ ಅಲ್ಲ. ಸೊನ್ನೆ ಬರೆದರೆ ಮೇಲಿನಿಂದ ಫೋನು ಬರುತ್ತದೆ, ‘ಸ್ವಚ್ಛ ಭಾರತದಲ್ಲಿ ಕಟ್ಟಿದ್ದು ಏನಾಯಿತು’ ಎಂದು ವಿವರಣೆ ಕೇಳುತ್ತಾರೆ. ಒಬ್ಬರೇ ಮುಖ್ಯ ಶಿಕ್ಷಕರು ಆ ಒತ್ತಡ ತಡೆಯಲಾರರು. ಎಸ್‌ಡಿಎಂಸಿ ಸಭೆಯಲ್ಲಿ ‘ಈ ದಿನ ಪರಿಶೀಲಿಸಿದಾಗ ಬಾಲಕಿಯರ ಶೌಚಾಲಯ 2ರಲ್ಲಿ ಬಳಕೆಗೆ ಯೋಗ್ಯ 0, ಕಾರಣ ನೀರಿನ ಸಂಪರ್ಕವಿಲ್ಲ, ಯು-ಡೈಸ್‌ನಲ್ಲಿ ಹೀಗೆಯೇ ನಮೂದಿಸಲು ತೀರ್ಮಾನಿಸಲಾಯಿತು’ ಎಂದು ನಡಾವಳಿ ಬರೆದು, ಫೋಟೊ ಅಂಟಿಸಿ, ಎಲ್ಲರೂ ಸಹಿ ಹಾಕಿದರೆ ಮುಖ್ಯ ಶಿಕ್ಷಕರಿಗೆ ರಕ್ಷಣೆ ಸಿಗುತ್ತದೆ. ಪೋಷಕರು ಮಾಡಬಹುದಾದ ಕೆಲಸಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವುದು ಬೇರೆ ಇಲ್ಲ. ಶಾಲೆಯ ಯು-ಡೈಸ್ ಸಂಖ್ಯೆ 29ರಿಂದ ಶುರುವಾಗುವ 11 ಅಂಕಿಯದು. ಅದನ್ನು ಹಾಕಿ ‘ನಿಮ್ಮ ಶಾಲೆ ತಿಳಿಯಿರಿ’ ಪುಟದಲ್ಲಿ ಹಿಂದಿನ ವರ್ಷಗಳ ವರದಿಯನ್ನು ಯಾರು ಬೇಕಾದರೂ ನೋಡಬಹುದು.

ದುರಸ್ತಿ ಅರ್ಜಿ ಹಿಂದಕ್ಕೆ ಬರಲು ಇನ್ನೊಂದು ದೊಡ್ಡ ಕಾರಣ ಜಾಗದ ದಾಖಲೆ. ಎಷ್ಟೋ ಊರುಗಳಲ್ಲಿ ಶಾಲೆಯ ಜಾಗ ದಾನಿಗಳು ಬಾಯಿಮಾತಿನಲ್ಲಿ ಕೊಟ್ಟದ್ದು. ಪಹಣಿ ಇಂದಿಗೂ ಅವರ ಅಜ್ಜನ ಹೆಸರಿನಲ್ಲಿದೆ. ಶಾಲೆಯ ಹೆಸರಿಗೆ ಖಾತೆ ಇಲ್ಲದಿದ್ದರೆ ಹೊಸ ಕೊಠಡಿ ಮಂಜೂರಾಗುವುದು ಕಷ್ಟ. ದಾನ ಕೊಟ್ಟ ಹಿರಿಯರು ಬದುಕಿರುವಾಗಲೇ ದಾನಪತ್ರ ನೋಂದಣಿ ಮಾಡಿಸಿ, ಪಂಚಾಯ್ತಿಯಲ್ಲಿ ಇ-ಸ್ವತ್ತು ಮಾಡಿಸಬೇಕು. ಮುಂದಿನ ತಲೆಮಾರಿಗೆ ಬಂದರೆ ಐದಾರು ವಾರಸುದಾರರ ಸಹಿ ಬೇಕಾಗುತ್ತದೆ, ಅವರಲ್ಲಿ ಒಬ್ಬರು ಒಪ್ಪದಿದ್ದರೂ ಕೆಲಸ ನಿಲ್ಲುತ್ತದೆ.

ಕೇಳುವ ಕ್ರಮ

ಮೊದಲು ಮಾಹಿತಿ ತೆಗೆಯಬೇಕು. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು. ಬಹಳ ಅರ್ಜಿಗಳು ತಿರಸ್ಕಾರವಾಗುವುದು ಇಲ್ಲೇ. ‘ಏಕೆ ಕೊಟ್ಟಿಲ್ಲ’ ಎಂದು ಕೇಳಬಾರದು, ಕಾಗದ ಕೇಳಬೇಕು. ಶುಲ್ಕ ₹10, ಪೋಸ್ಟಲ್ ಆರ್ಡರ್ ಸಾಕು. ಬಿಇಒ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಕ್ಕಣೆ ಹೀಗಿರಲಿ:

‘ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರ ಹುದ್ದೆಗಳ ಕುರಿತು: (1) ಶಾಲಾವಾರು ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಹುದ್ದೆಗಳ ಪಟ್ಟಿಯ ಪ್ರತಿ. (2) ಸದರಿ ಖಾಲಿ ಹುದ್ದೆಗಳಿಗೆ ನೇಮಿಸಿದ ಅತಿಥಿ ಶಿಕ್ಷಕರ ಶಾಲಾವಾರು ಪಟ್ಟಿ ಮತ್ತು ನೇಮಕದ ದಿನಾಂಕ. (3) ಅವರ ಗೌರವಧನ ಬಿಡುಗಡೆಯ ಆದೇಶಗಳ ಪ್ರತಿ. ಅವಧಿ: ಪ್ರಸ್ತುತ ಶೈಕ್ಷಣಿಕ ವರ್ಷ.’

ಅನುದಾನದ ಬಗ್ಗೆ ಪ್ರತ್ಯೇಕ ಅರ್ಜಿ ಹಾಕಿ: ಬಿಡುಗಡೆಯ ಮೊತ್ತ, ದಿನಾಂಕ, ಹಣಬಳಕೆ ಪ್ರಮಾಣಪತ್ರ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಉತ್ತರ ಬಂದ ಮೇಲೆ ಪ್ರತಿ ಶಾಲೆಯ ಮುಂದೆ ಖಾಲಿ ಹುದ್ದೆಯ ಶೇಕಡಾವಾರು ಬರೆಯಿರಿ. ಶೇ 10 ಮೀರಿದ ಶಾಲೆಗಳ ಪಟ್ಟಿ ಸಿದ್ಧವಾಯಿತು. ಅದನ್ನು ಲಗತ್ತಿಸಿ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಮನವಿ ಪತ್ರ ಹಿಡಿದು ಫೋಟೊ ತೆಗೆಸಿಕೊಳ್ಳುವುದಕ್ಕೂ ಈ ದೂರಿಗೂ ವ್ಯತ್ಯಾಸ ಇದೆ. ಇದಕ್ಕೆ ಕಾನೂನಿನ ಗಡುವು ಇದೆ.

ಗ್ರಾಮ ಪಂಚಾಯ್ತಿಯ ಮುಂದಿನ ವರ್ಷದ ಕ್ರಿಯಾಯೋಜನೆ ಅಕ್ಟೋಬರ್‌ನಿಂದ ಸಿದ್ಧವಾಗುತ್ತದೆ. ನೀರು, ಶೌಚಾಲಯದ ಕೆಲಸ ಅದರಲ್ಲಿ ಸೇರಬೇಕಾದರೆ ಪಿಡಿಒಗೆ ಎಸ್‌ಡಿಎಂಸಿ ನಡಾವಳಿಯನ್ನು ಆಗಲೇ ಕೊಡಬೇಕು, ಗ್ರಾಮಸಭೆಯಲ್ಲಿ ಓದಿಸಿ ದಾಖಲಿಸಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಕೇಳಿದ್ದು ನಡಾವಳಿ ಪುಸ್ತಕಕ್ಕೆ ಬಂತೇ ಎಂದು ಮರುದಿನವೇ ಹೋಗಿ ನೋಡಿ. ಡಿಸೆಂಬರ್ ಹೊತ್ತಿಗೆ ಕಾಯ್ದೆಯ 22ನೇ ಸೆಕ್ಷನ್‌ನ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಅದರಲ್ಲಿ ‘ಕಟ್ಟಡ ದುರಸ್ತಿ ಬೇಕು’ ಎಂದಿದ್ದರೆ ಉಪಯೋಗವಿಲ್ಲ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕಿರಿಯ ಎಂಜಿನಿಯರ್ ಅವರಿಂದ ಅಂದಾಜು ಪಟ್ಟಿ ತೆಗೆಸಿ ಮೊತ್ತದೊಂದಿಗೆ ಬರೆಯಬೇಕು. ಹಣಕಾಸು ವರ್ಷದ ಕೊನೆಗೆ ಎಲ್ಲೋ ಹಣ ಉಳಿದಾಗ ಅಧಿಕಾರಿಗಳು ಹುಡುಕುವುದು ಅಂದಾಜು ಪಟ್ಟಿ ಸಿದ್ಧವಿರುವ ಕಡತವನ್ನೇ.

ಜಿಲ್ಲೆಗೆ ಎಷ್ಟು ಬಂತೆಂದು ತಿಳಿಯಲು ಬಜೆಟ್ಟಿನ ಜೊತೆ ಬರುವ ಲಿಂಕ್ ಡಾಕ್ಯುಮೆಂಟ್ ನೋಡಬೇಕು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿವಾರು ಹಂಚಿಕೆ ಅದರಲ್ಲಿದೆ, ಹಣಕಾಸು ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ತಾಲ್ಲೂಕಿನ ಮತ್ತು ಪಕ್ಕದ ಮುಂದುವರಿದ ತಾಲ್ಲೂಕಿನ ಶಿಕ್ಷಣದ ಸಾಲನ್ನು ಅಕ್ಕಪಕ್ಕ ಇಟ್ಟು, ಎರಡೂ ಕಡೆಯ ಸರ್ಕಾರಿ ಶಾಲಾ ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಆ ಒಂದು ಹಾಳೆ ಹಿಡಿದು ಶಾಸಕರ ಬಳಿಗೆ ಜನವರಿಯಲ್ಲಿ ಹೋಗಬೇಕು, ಬಜೆಟ್ ಮಂಡನೆಯಾದ ಮೇಲೆ ಹೋದರೆ ತಡವಾಯಿತು. ಬಜೆಟ್ ಆದ ಮೇಲೂ ಒಂದು ಅವಕಾಶ ಉಳಿಯುತ್ತದೆ: ಬೇಡಿಕೆ 17ರ ಮೇಲಿನ ಚರ್ಚೆಯಲ್ಲಿ ಅವರು ಪ್ರಶ್ನೆ ಎತ್ತಬಹುದು. ಪ್ರಶ್ನೆಯನ್ನು ಸಂಖ್ಯೆಗಳ ಸಮೇತ ನೀವೇ ಬರೆದುಕೊಡಿ.

ದಾನಿಗಳು, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣದಿಂದ ಕೊರತೆ ತುಂಬಬಹುದು ಎಂಬ ಮಾತು ಈಚೆಗೆ ಜಾಸ್ತಿಯಾಗಿದೆ. ಕೊಡುವವರ ಒಳ್ಳೆಯತನಕ್ಕೆ ನಮಸ್ಕಾರ. ಆದರೆ ಕಂಪನಿಗಳಿರುವುದು ಬೆಂಗಳೂರಿನ ಸುತ್ತ, ಅವರ ಹಣ ಸೇರುವುದೂ ಹತ್ತಿರದ ಶಾಲೆಗಳಿಗೆ. ಲಿಂಗಸುಗೂರಿನ ತಾಂಡಾದ ಶಾಲೆಗೆ ಹಳೆಯ ವಿದ್ಯಾರ್ಥಿ ಸಂಘವೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ₹100 ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಟು, ವಿರೋಧ ಬಂದ ಮೇಲೆ ವಾಪಸಾಯಿತು. ಕೂಲಿ ಮಾಡುವ ತಾಯಿಗೆ ಅದು ವರ್ಷಕ್ಕೆ ₹1,200. ಮೇಲೆ ಹೇಳಿದ ಸೂತ್ರದಲ್ಲಿ ಸರ್ಕಾರ ಒಂದು ಮಗುವಿಗೆ ಕೊಡಬೇಕಾದ್ದರ ನಾಲ್ಕು ಪಟ್ಟು.

ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. 2025-26ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ ₹2,500 ಕೋಟಿಯಲ್ಲಿ 500 ಶಾಲೆಗಳ ಘೋಷಣೆ ಆಯಿತು. ಸರಾಸರಿ ಒಂದಕ್ಕೆ ₹5 ಕೋಟಿ. ಒಳ್ಳೆಯ ಶಾಲೆ ಯಾರಿಗೆ ಬೇಡ? ಆದರೆ ಆ ಶಾಲೆಗೆ ಮಕ್ಕಳನ್ನು ಸೇರಿಸಲು ಸುತ್ತಲಿನ ಚಿಕ್ಕ ಶಾಲೆಗಳನ್ನು ಮುಚ್ಚುವ ಪ್ರಸ್ತಾವ ಬಂದರೆ ಪೋಷಕರು ಮೂರು ಕಾಗದ ಕೇಳಬೇಕು: ಮುಚ್ಚುವ ಶಾಲೆಯಿಂದ ಹೊಸ ಶಾಲೆಗೆ ರಸ್ತೆಯ ದೂರ ಎಷ್ಟು, ಬಸ್ಸಿನ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಿಂದ ಎಷ್ಟು ವರ್ಷ ಕೊಡುತ್ತೀರಿ, ಮುಚ್ಚಿದ ಶಾಲೆಯ ಮಂಜೂರಾದ ಹುದ್ದೆಗಳು ಎಲ್ಲಿಗೆ ಹೋಗುತ್ತವೆ. ಮೂರನೆಯದರ ಉತ್ತರ ಲಿಖಿತವಾಗಿ ಬರುವವರೆಗೆ ಎಸ್‌ಡಿಎಂಸಿ ಒಪ್ಪಿಗೆಯ ನಡಾವಳಿಗೆ ಸಹಿ ಹಾಕಬಾರದು. ಹುದ್ದೆ ಒಮ್ಮೆ ರದ್ದಾದರೆ ಆ ಊರಿಗೆ ಅದನ್ನು ಮತ್ತೆ ಮಂಜೂರು ಮಾಡಿಸಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ.